ಕತ್ತೆ ಸಿನಿಮಾದ ಕೊನೇ ಡಬ್ಬ

ತಗಡೂರಿನಿಂದಾಚೆ ನಾಲೆ ಬದಿಯ ಊರುಗಳಲ್ಲಿ ಭತ್ತದ ಗದ್ದೆಗೆ ಕಳೆ ಕೀಳಿಸಬೇಕೆಂದರೆ ಯಜಮಾನರು ಮೊದಲು ಹೋಗಿ ನಿಲ್ಲುತ್ತಿದ್ದದ್ದು ಮರಿತಾಯಮ್ಮನ ಬಾಗಿಲಿಗೆ. ಅವಳೇನು ಕೈ ಚುರುಕಿನ ಹೆಂಗಸಲ್ಲ. ಸಾಲಿನಲ್ಲಿ ಎಲ್ಲರಿಗಿಂತ ಒಂದು ಮಾರು ಹಿಂದೆಯೇ ಇರುತ್ತಿದ್ದಳು. ಆದರೆ ಅವಳು ಬರುತ್ತಾಳೆ ಅಂತ ಗೊತ್ತಾದರೆ ಸಾಕು, ಸೊಂಟನೋವು ಅಂತ ಮಲಗಿದ್ದವರೂ ಎದ್ದು ಸೀರೆ ಎತ್ತಿ ಕಟ್ಟಿಕೊಂಡು ಬಂದುಬಿಡುತ್ತಿದ್ದರು. ಯಾಕೆಂದರೆ ಟೆಂಟಿಗೆ ಬಂದ ಸಿನಿಮಾ ಅಷ್ಟೂ ಅವಳ ಹೊಟ್ಟೆಯೊಳಗೆ ಇರುತ್ತಿತ್ತು.

ಟೆಂಟು ಶಿವಮಲ್ಲಪ್ಪನವರದು. ಊರಾಚೆಯ ಬಯಲಿನಲ್ಲಿ ಗುಡಾರ, ಒಳಗೆ ಮರಳು ಹಾಸಿದ ನೆಲ, ಹಿಂದೆ ನಾಲ್ಕಾರು ಬೆಂಚು, ಗಂಡಸರಿಗೂ ಹೆಂಗಸರಿಗೂ ನಡುವೆ ಎದೆಮಟ್ಟದ ತಡಿಕೆ. ಮರಿತಾಯಮ್ಮ ಹುರಿದ ಕಡಲೆಕಾಯಿ ಮಾರಲು ಒಳಗೆ ಹೋಗುವಳು. ಮಂಕರಿ ಖಾಲಿಯಾದ ಮೇಲೂ ಹೊರಗೆ ಬರಳು. ಒಂದು ಸಿನಿಮಾ ಊರು ಬಿಡುವ ತನಕ ಅದನ್ನು ದಿನಾ ನೋಡುವಳು.

"ಅದೇ ಪಿಚ್ಚರ್ ಎಷ್ಟು ಸಲ ನೋಡೀಯೆ ಮರಿತಾಯಿ? ಕಣ್ಣು ನೋಯಕ್ಕಿಲ್ವಾ?" ಅಂತ ಶಿವಮಲ್ಲಪ್ಪ ಕೇಳಿದರೆ, ಅವಳು ಹೇಳುವಳು: "ಮೊದಲ್ನೇ ದಿನ ಹೀರೋನ ನೋಡ್ತೀನಿ ಸಾವ್ಕಾರ್ರೆ. ಮಾರ್ನೇ ದಿನ ಅವ್ರವ್ವನ ನೋಡ್ತೀನಿ. ಆಮೇಲೆ ಇಂದ್ಗಡೆ ತಟ್ಟೆ ಇಡ್ಕೊಂಡು ನಿಂತಿರ್ತಾವಲ್ಲ ಆಳುಮಕ್ಕಳು, ಅವು ಏನ್ ಮಾಡ್ತಾವೆ ಅಂತ ನೋಡ್ತೀನಿ. ಅವ್ರನ್ನ ಯಾರೂ ನೋಡಕ್ಕಿಲ್ಲ ನೋಡಿ, ಪಾಪ."

ಗದ್ದೆಯಲ್ಲಿ ಹೇಳುವುದಕ್ಕೂ ಒಂದು ಕ್ರಮವಿತ್ತು. ಎಲ್ಲರೂ ಕೆಸರಿಗಿಳಿದು ಸೊಂಟ ಬಗ್ಗಿಸಿದ ಮೇಲೆ, ಟೆಂಟಿನ ಮೈಕಿನಲ್ಲಿ ಹಾಕುವ ದೇವರ ಹಾಡಿನ ಒಂದು ಸೊಲ್ಲು ಗುನುಗುವಳು. ಟಿಕೇಟು ಕೊಡಲು ಶುರುಮಾಡಿದರು ಅಂತ ಅದರ ಅರ್ಥ. ಆಮೇಲೆ ಕತೆ. ಸಾಲು ಎದುರು ಬದುವನ್ನು ಮುಟ್ಟಿತೋ, ಕತೆ ಎಲ್ಲಿದ್ದರೆ ಅಲ್ಲಿಗೇ ಇಂಟ್ರೋಲು. ನಾಯಕಿ ಬಾವಿಯ ಕಟ್ಟೆ ಮೇಲೆ ಒಂದು ಕಾಲಿಟ್ಟು ನಿಂತಿದ್ದರೂ ಸರಿ, ಮರಿತಾಯಮ್ಮ ಬದುವಿನ ಮೇಲೆ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುವಳು.

"ಬಿದ್ಳಾ ಇಲ್ವಾ, ಅಷ್ಟು ಏಳ್ಬುಡಮ್ಮಿ."

"ಇಂಟ್ರೋಲ್ನಾಗೆ ಕತೆ ಓಡ್ತದಾ? ಎಲೆ ಹಾಕ್ಕೊ, ಸುಮ್ಕಿರು."

ಆಮೇಲಿನ ಸಾಲನ್ನು ಹೆಂಗಸರು ಎಷ್ಟು ಅವಸರದಲ್ಲಿ ಹಿಡಿಯುತ್ತಿದ್ದರೆಂದರೆ, ಕಳೆಯ ಜೊತೆ ನಾಲ್ಕು ಪೈರೂ ಕಿತ್ತು ಬರುತ್ತಿತ್ತು. ಆದರೂ ಯಜಮಾನರು ಬಾಯಿ ಬಿಡುತ್ತಿರಲಿಲ್ಲ. ಒಬ್ಬ ಮಾತ್ರ ಒಂದು ಸಲ "ಬಾಯಿ ಮುಚ್ಕೊಂಡು ಕೀಳ್ರಮ್ಮೀ" ಅಂದುಬಿಟ್ಟಿದ್ದ. ಮಾರನೆಯ ದಿನ ಅವನ ಗದ್ದೆಯಲ್ಲಿ ಬಕಪಕ್ಷಿ ಬಿಟ್ಟರೆ ಇನ್ನೊಂದು ಜೀವವಿರಲಿಲ್ಲ.

ಮರಿತಾಯಮ್ಮನಿಗೆ ಆಸ್ತಿ ಅಂತ ಇದ್ದದ್ದು ಒಂದೇ ಮಾತು: ಅವಳು ಕಂಡದ್ದನ್ನು ಕಂಡ ಹಾಗೆ ಹೇಳುತ್ತಾಳೆ. ಕಣ್ಣಾರೆ ನೋಡಿಬಂದವರೇ ಸೀರೆ ಕೆಂಪೋ ಹಸಿರೋ ಅಂತ ಜಗಳಕ್ಕೆ ಬಿದ್ದರೆ ಪಂಚಾಯ್ತಿ ಅವಳ ಹತ್ತಿರವೇ ಬರಬೇಕು. "ಮದ್ಲು ಕೆಂಪು, ಆಸ್ಪತ್ರೆ ಸೀನ್ ಆದ್ಮೇಲೆ ಹಸಿರು" ಅಂತ ಅವಳಂದರೆ ಮುಗಿಯಿತು. ಈ ತೀರ್ಪು ನಡೆಯದಿದ್ದದ್ದು ಅವಳ ಗಂಡ ಚಾಮಯ್ಯನ ಮುಂದೆ ಮಾತ್ರ. ಅವನು ದೇವರ ಹಾಡಿಗೇ ನಿದ್ದೆ ಹೋಗುತ್ತಿದ್ದ.

ಅವಳ ಕತೆಗೆ ಎಲ್ಲರಿಗಿಂತ ಸೋತವರು ಮಲ್ಲಾಜಮ್ಮನವರು. ನಾಲೆ ಕೆಳಗಿನ ದೊಡ್ಡ ಗದ್ದೆ ಅವರದು. ಮಠಕ್ಕೆ ನಡೆದುಕೊಳ್ಳುವ ಮನೆ, ಅತ್ತೆಯದು ಕಟ್ಟುನಿಟ್ಟು. ಮನೆಯ ಹೆಣ್ಣುಮಕ್ಕಳು ಟೆಂಟಿನ ಕಡೆ ತಲೆ ಹಾಕಿ ಮಲಗುವ ಹಾಗೂ ಇರಲಿಲ್ಲ. ಹಾಗಾಗಿ ಮಲ್ಲಾಜಮ್ಮ ಆಳು ನೋಡಿಕೊಳ್ಳುವ ನೆಪದಲ್ಲಿ ಛತ್ರಿ ಹಿಡಿದು ಬದುವಿನ ಮೇಲೆ ಕೂರುತ್ತಿದ್ದರು. ಸಾಲು ಗದ್ದೆಯ ನಡುವಿಗೆ ಹೋದರೆ ಕತೆ ಕೇಳಿಸದು. ಛತ್ರಿ ಮಡಚಿಟ್ಟು ಅವರೂ ಕೆಸರಿಗೆ ಇಳಿದರು. ಯಜಮಾನಿಯೇ ಕಳೆ ಕೀಳುವುದನ್ನು ಕಂಡು ಅತ್ತೆಗೆ ಹಿಗ್ಗೋ ಹಿಗ್ಗು. "ನನ್ನ ಸೊಸೆ ಅಂಥವಳು ಈ ಸುತ್ತಿನಲ್ಲೇ ಇಲ್ಲ" ಅಂತ ಸಾಯುವ ತನಕ ಹೇಳಿಕೊಂಡರು.

ಇಂಥದ್ದರಲ್ಲಿ ಟೆಂಟಿಗೆ ಕತ್ತೆ ಸಿನಿಮಾ ಬಂತು.

ತೊಂಬತ್ತರ ಶುರುವಿನ ಒಂದು ಬೇಸಿಗೆ. ನಂಜನಗೂಡಿನಲ್ಲಿ ಶಾಲೆ ಮಕ್ಕಳಿಗೆಂದು ತರಿಸಿದ್ದ ಬೊಂಬೆ ಪಿಚ್ಚರನ್ನು, ಅದು ವಾಪಸು ಹೋಗುವ ಮೊದಲು ಶಿವಮಲ್ಲಪ್ಪ ಒಂದು ಸಂಜೆಯ ಆಟಕ್ಕೆಂದು ಕೇಳಿ ಪಡೆದರು. ಯಾವುದೋ ಹಿಮದ ದೇಶದವರು ಮಾಡಿದ್ದು. ಕೈಯಲ್ಲಿ ಬರೆದ ಚಿತ್ರಗಳೇ ಓಡುತ್ತವೆ, ಅಳುತ್ತವೆ, ಅವರ ಭಾಷೆಯಲ್ಲಿ ಏನೇನೋ ಮಾತಾಡುತ್ತವೆ. ಪರದೇಶದಲ್ಲಿ ದೊಡ್ಡ ಬಹುಮಾನ ಬಂದಿದೆ ಅಂತ ತೋರಿಸಲು ಪೋಸ್ಟರಿನ ಮೇಲೆ ಎಡಕ್ಕೊಂದು ಬಲಕ್ಕೊಂದು ಎಲೆಯ ರೆಂಬೆ ಬರೆದಿತ್ತು. ನಡುವೆ ಒಂದು ಕತ್ತೆ.

"ಕತ್ತೆಗೂ ಬವುಮಾನ ಕೊಟ್ಟವ್ರಲ್ಲ!" ಅಂದಳು ಒಬ್ಬಳು.

"ಕೊಡ್ದೆ ಇನ್ನೇನು? ಮೇಯಕ್ಕೆ ಎರಡು ಕಡೆ ಸೊಪ್ಪು ಕೊಟ್ಟವ್ರೆ, ಕಾಣಾಕಿಲ್ವಾ?" ಅಂದಳು ಮರಿತಾಯಮ್ಮ.

ಆ ಸಂಜೆ ಸಿನಿಮಾ ಹೊತ್ತಿಗೆ ಸರಿಯಾಗಿ ಶುರುವಾಗಲಿಲ್ಲ. ಪ್ರೊಜೆಕ್ಟರ್ ಆಡಿಸುವ ಬೆಟ್ಟಸ್ವಾಮಿ ರೀಲಿನ ಡಬ್ಬಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ನಂಜನಗೂಡಿನಿಂದ ಬರುವುದು ತಡವಾಯಿತು. ಬಂದವನ ಚಡ್ಡಿಯಿಂದ ನೀರು ಸುರಿಯುತ್ತಿತ್ತು. "ಬೆವರು ಕಣಕ್ಕ" ಅಂತ ಹೇಳಿ ಅವನು ತನ್ನ ಗೂಡು ಹೊಕ್ಕ.

ಪರದೆ ಬೆಳಗಿತು. ಎಲ್ಲೆಲ್ಲೂ ಬೆಳ್ಳಗೆ. ಅರಳೆ ಅಂದರು ಕೆಲವರು, ಉಪ್ಪು ಅಂದರು ಕೆಲವರು. ಒಂದು ತಾಯಿ ಕತ್ತೆ ಮುಗ್ಗರಿಸುತ್ತಾ ಬಂದು, ಒಂದು ಮನೆಯ ಬಾಗಿಲ ಮುಂದೆ ಮಲಗಿತು. ಮರಿ ಅದರ ಮೂಗು ನೆಕ್ಕಿತು. ತಾಯಿ ಏಳಲಿಲ್ಲ. ಮೇಲೆ ಬಿಳಿ ಬೀಳುತ್ತಲೇ ಇತ್ತು. ಕೊನೆಗೆ ಮರಿಯೇ ಹಿಟ್ಟಿನ ಮೂಟೆ ಹೊತ್ತು ಹೊರಟಿತು. ಆಮೇಲೆ ಕಪ್ಪು ಪರದೆ ಮೇಲೆ ಉದ್ದಕ್ಕೆ ಹೆಸರುಗಳು.

"ಇದೇನಮ್ಮಿ, ಸುರುವಾಯ್ತಿದ್ದಂಗೇ ಸತ್ತೋಯ್ತು? ಈಗ ಯಾರ ಹೆಸರು ತೋರಿಸ್ತಾವ್ರೆ?"

ಮರಿತಾಯಮ್ಮ ಒಂದು ಗಳಿಗೆ ಯೋಚಿಸಿದಳು. "ತಿಥಿಗೆ ಬಂದವ್ರದ್ದು" ಅಂದಳು.

ಅಲ್ಲಿಂದ ಮುಂದೆ ಅವಳಿಗೆ ಎಲ್ಲ ತಿಳಿಯುತ್ತಾ ಹೋಯಿತು. ಸತ್ತ ತಾಯಿ ಮತ್ತೆ ಪರದೆ ಮೇಲೆ ಬಂತು. ಜೀವ ಹೋಗಿದೆ, ಆಸೆ ಹೋಗಿಲ್ಲ, ಅಲೆಯುತ್ತಿದೆ. ಮೀಸೆ ತಿರುವಿದ ಒಬ್ಬ ಚಾಟಿ ಹಿಡಿದು ಬಂದು ಮರಿಯನ್ನು ಎಳೆದುಕೊಂಡು ಹೋದ. ಯಮಧರ್ಮ, ಇನ್ಯಾರು? ಪಟ್ಟೆ ಪಟ್ಟೆ ಗುಡಾರದೊಳಗೆ ಆನೆಗಳನ್ನು ಸ್ಟೂಲಿನ ಮೇಲೆ ಒಂಟಿಕಾಲಲ್ಲಿ ನಿಲ್ಲಿಸಿದ್ದರು. ಅದು ಪಾಪ ಮಾಡಿದ್ದಕ್ಕೆ ಶಿಕ್ಷೆ. ತಾಯಿ ಬೆಳ್ಳನೆಯ ಬೆಟ್ಟ ಹತ್ತಿತು, ಅದು ಕೈಲಾಸ. ಬಿಳಿ ಗಡ್ಡದ ತಾತ ಲಾಂದ್ರ ಹಿಡಿದು ಎದುರಾದ, ವೇಷ ಮರೆಸಿಕೊಂಡ ಶಿವ. ಆಮೇಲೆ ತಾಯಿ ಯಮನ ಗುಡಾರಕ್ಕೇ ನುಗ್ಗಿ ಹಿಂಗಾಲಲ್ಲಿ ಒದ್ದ ಒದೆತಕ್ಕೆ ಯಮ ನೀರಿನ ತೊಟ್ಟಿಗೆ ಬಿದ್ದ. ಹೆಂಗಸರು ಚಪ್ಪಾಳೆ ಹೊಡೆದದ್ದಕ್ಕೆ ತಡಿಕೆ ಅಲ್ಲಾಡಿತು. ಕಟ್ಟಕಡೆಯ ಡಬ್ಬದಲ್ಲಿ ಹಸಿರು ಹುಲ್ಲುಗಾವಲು, ಬಿಸಿಲು. ತಾಯಿ ಮರಿ ಎರಡೂ ಕುಣಿದಾಡುತ್ತಿದ್ದವು, ತಾತ ರೊಟ್ಟಿ ಮುರಿದು ತಿನ್ನಿಸುತ್ತಿದ್ದ. ತಾಯಿ ಮೈಕೈ ತುಂಬಿಕೊಂಡಿತ್ತು. ಮರಿ ಇನ್ನೂ ಚಿಕ್ಕದಾಗಿತ್ತು.

"ಕೈಲಾಸಕ್ಕೋಗಿ ಬಂದ್ರೆ ವಯಸ್ಸು ಕಮ್ಮಿ ಆಯ್ತದೆ" ಅಂತ ಮರಿತಾಯಮ್ಮ ಹೇಳಿದಳು. ಇದರಲ್ಲಿ ಯಾರಿಗೂ ಸಂಶಯ ಬರಲಿಲ್ಲ.

ಆ ಕತೆ ಗದ್ದೆಗೆ ಇಳಿಯಿತು ನೋಡಿ, ಮತ್ತೆ ಮೇಲೇಳಲಿಲ್ಲ. ಹೊಸ ಸಿನಿಮಾ ಎಷ್ಟು ಬಂದರೂ ವರ್ಷಕ್ಕೊಮ್ಮೆ ಕತ್ತೆ ಕತೆ ಆಗಲೇಬೇಕು. ತಾಯಿ ಕತ್ತೆಗೆ ಗಂಗವ್ವ, ಮರಿಗೆ ಮುದ್ದಯ್ಯ ಅಂತ ಹೆಸರಾಯಿತು. ಮಲ್ಲಾಜಮ್ಮನವರು ಹೊಟ್ಟೆಯ ಆಪರೇಷನ್ ಆಗಿ ಮಲಗಿದ್ದಾಗಲೂ ಬೇಡಿದ್ದು ಅದನ್ನೇ. ಮರಿತಾಯಮ್ಮ ಅವರ ಹಜಾರದ ಮೆಟ್ಟಿಲ ಮೇಲೆ ಕೂತು, ಒಳಗೆ ಮಂಚದ ತನಕ ಕೇಳುವ ಹಾಗೆ, ಇಂಟ್ರೋಲು ಇಲ್ಲದೆ ಹೇಳಿದಳು. ಹಾಗೆ ಅವಳು ಹೇಳಿದ್ದು ಅದೊಂದೇ ಸಲ. ಗಂಗವ್ವ ಕೈಲಾಸದಿಂದ ವಾಪಸು ಬಂದಳು ಅನ್ನುವ ಹೊತ್ತಿಗೆ ಮಲ್ಲಾಜಮ್ಮ ಎದ್ದು ಕೂತು ಗಂಜಿ ಕೇಳಿದರು.

ಮನೆಮನೆಗೆ ಕೇಬಲ್ಲು ಬಂತು. ಟೆಂಟಿನ ಗುಡಾರ ಬಿಚ್ಚಿ ಶಿವಮಲ್ಲಪ್ಪ ಭತ್ತ ಒಣಗಿಸುವವರಿಗೆ ಬಾಡಿಗೆಗೆ ಕೊಟ್ಟರು. ಬೆಟ್ಟಸ್ವಾಮಿ ತಿರುಮಕೂಡಲು ನರಸೀಪುರದ ಒಂದು ಟಾಕೀಸಿಗೆ ಸೇರಿಕೊಂಡ. ಹೊಸ ಸಿನಿಮಾ ಹೇಳಲು ಮರಿತಾಯಮ್ಮನಿಗೆ ದಾರಿಯಿಲ್ಲದೇ ಹೋದರೂ ಹಳೆಯದೇ ಸಾಕಷ್ಟಿತ್ತು. ಟಿವಿ ನೋಡಿ ಬಂದ ಎಳೆ ಹುಡುಗಿಯರೂ ಬದುವಿನ ಮೇಲೆ "ಅಜ್ಜಿ, ಯಮನ್ನ ಒದ್ದಿದ್ದು ಇನ್ನೊಂದ್ಸಲ" ಅನ್ನುತ್ತಿದ್ದರು.

ಹತ್ತು ಹನ್ನೆರಡು ವರ್ಷದ ಮೇಲೆ, ಮಲ್ಲಾಜಮ್ಮನ ಅತ್ತೆ ತೀರಿಕೊಂಡು ವರ್ಷಾಬ್ದಿಕವೂ ಮುಗಿದಿತ್ತು, ಮಲ್ಲಾಜಮ್ಮನವರ ಮಗ ಬಸವೇಶ ಒಂದು ಸುದ್ದಿ ತಂದ. ನರಸೀಪುರದಲ್ಲಿ ಮಕ್ಕಳ ಸಿನಿಮಾ ವಾರ. ಅದರಲ್ಲಿ ಶನಿವಾರ ಬೆಳಗ್ಗೆ ಕತ್ತೆ ಸಿನಿಮಾ.

"ನಾನು ಹೋಗ್ತೀನಿ" ಅಂದರು ಮಲ್ಲಾಜಮ್ಮ. "ಕಳೆ ಕೀಳೋರೆಲ್ಲ ಬರಲಿ. ಟ್ರ್ಯಾಕ್ಟರ್ ಕಟ್ಟು. ಐವತ್ತು ದಾಟ್ಯದೆ ನಂಗೆ, ಒಂದು ಸಿನಿಮಾ ಕಣ್ಣಲ್ಲಿ ಕಂಡಿಲ್ಲ. ನೋಡುದ್ರೆ ಅದನ್ನೇ ನೋಡ್ತೀನಿ."

ಮರಿತಾಯಮ್ಮನಿಗೆ ಹಿಗ್ಗು ತಡೆಯಲಾಗಲಿಲ್ಲ. ತನ್ನ ಗಂಗವ್ವನನ್ನು ಊರೆಲ್ಲ ನೋಡುವ ಹಾಗಾಯಿತಲ್ಲ! ಅದೇ ಹಿಗ್ಗಿನಲ್ಲಿ ಸಂತೆಗೆ ಹೋದವಳಿಗೆ ಬೆಟ್ಟಸ್ವಾಮಿ ಎದುರಾದ. ಈಗ ಪ್ಯಾಂಟು ಹಾಕುತ್ತಿದ್ದ, ತಲೆ ಮುಂದೆ ಬೋಳಾಗಿತ್ತು.

"ಮರಿತಾಯಕ್ಕೋ! ನಮ್ಮ ಕತ್ತೆ ಬಂದದೆ ಕಣಕ್ಕ, ಗೊತ್ತಾ? ಈ ಸಲ ಸರಿಯಾಗಿ ಆಡಿಸ್ತೀನಿ ಬಾ, ನೋಡೀಯಂತೆ."

"ಆವತ್ತೂ ಸರಿಯಾಗೇ ಆಡಿಸಿದ್ದೆಯಲ್ಲಾ?"

ಬೆಟ್ಟಸ್ವಾಮಿ ಅತ್ತಿತ್ತ ನೋಡಿ ನಕ್ಕ. "ಎಲ್ಲಿ ಸರಿ? ಆವತ್ತು ನಾಲೆ ಏರಿ ಮೇಲೆ ಎಮ್ಮೆ ಅಡ್ಡ ಬಂದು ಸೈಕಲ್ ಸಮೇತ ನೀರಿಗೆ ಬಿದ್ದಿದ್ದೆ. ಡಬ್ಬದ ಮೇಲಿದ್ದ ನಂಬರ್ ಚೀಟಿ ಎಲ್ಡು ತೊಳ್ದೋದೊ. ಮೊದಲ್ನೇದು ಯಾವ್ದು, ಕಡೇದು ಯಾವ್ದು? ಸುರುಳಿ ಬಿಚ್ಚಿ ಬೆಳಕಿಗೆ ಇಡಿದು ನೋಡ್ದೆ. ಒಂದ್ರಲ್ಲಿ ಕತ್ತೆ ಸಾಯ್ತದೆ, ಒಂದ್ರಲ್ಲಿ ಕುಣೀತದೆ. ನಾನೆಷ್ಟು ಪಿಚ್ಚರ್ ಆಡ್ಸಿಲ್ಲ? ಅಳದು ಮೊದ್ಲು ಬತ್ತದೆ, ನಗದು ಕಡೇಗೆ ಬತ್ತದೆ ಅಂತ ಅದ್ನ ಮೊದ್ಲು ಹಾಕ್ದೆ, ಇದ್ನ ಕಡೇಗೆ ಹಾಕ್ದೆ. ನೋಡುದ್ರೆ ಉಲ್ಟಾ ಅಂತೆ! ಅದು ಸಾಯದೇ ಕಡೇದಂತೆ."

"ಯಮ?"

"ಯಾವ ಯಮ? ಸರ್ಕಸ್ಸಿನವ್ನು ಅವ್ನು. ಮರೀನ ಸರ್ಕಸ್ಸಿಗೆ ಮಾರ್ಬುಟ್ಟಿರ್ತಾರೆ. ತಾಯಿ ಉಡ್ಕೊಂಡು ಓಗಿ ಕರ್ಕೊಂಡು ಬತ್ತದೆ, ಮನೆ ಬಾಗ್ಲಲ್ಲಿ ಸುಸ್ತಾಗಿ ಸಾಯ್ತದೆ. ಅಷ್ಟೇಯ."

ಮರಿತಾಯಮ್ಮ ಹಾಗೇ ಈರುಳ್ಳಿ ಮೂಟೆಯ ಮೇಲೆ ಕೂತಳು. ಅಂಗಡಿಯವನು ಬೈದದ್ದೂ ಅವಳಿಗೆ ಕೇಳಲಿಲ್ಲ. ಕಂಡದ್ದನ್ನು ಕಂಡ ಹಾಗೇ ಹೇಳಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂಡದ್ದೇ ತಲೆಕೆಳಗಾಗಿದ್ದರೆ? ಶನಿವಾರ ಟ್ರ್ಯಾಕ್ಟರ್ ತುಂಬ ಹೆಂಗಸರು ನೋಡುತ್ತಾರೆ. ಮಲ್ಲಾಜಮ್ಮನವರು ನೋಡುತ್ತಾರೆ. ಆಮೇಲೆ ಸೀರೆ ಕೆಂಪೋ ಹಸಿರೋ ಅಂತ ಅವಳನ್ನು ಯಾರು ಕೇಳುತ್ತಾರೆ? ಯಮನೂ ಸುಳ್ಳು, ಕೈಲಾಸವೂ ಸುಳ್ಳು ಅಂದಮೇಲೆ, ಇಷ್ಟು ವರ್ಷ ಹೇಳಿದ ಅಷ್ಟೂ ಸಿನಿಮಾ ಸುಳ್ಳಾಗಿಬಿಡುತ್ತದೆ.

ಮಾರನೆಯ ಬೆಳಗ್ಗೆಯೇ ಮಲ್ಲಾಜಮ್ಮನವರ ಜಗಲಿಗೆ ಹೋದಳು.

"ಅವ್ವಾರೇ, ಆ ಟಾಕೀಸ್ನಾಗೆ ತಿಗಣೆ ಅಂತೆ."

"ನಮ್ಮನೆ ಮಂಚದಲ್ಲಿ ಇಲ್ವಾ? ಅವು ಕಚ್ಚಿ ಕಚ್ಚಿ ನಂಗೆ ಅಭ್ಯಾಸ ಆಗ್ಯದೆ."

"ದೂರ ಅಲ್ವಾ ಅವ್ವಾರೆ, ಆಪರೇಷನ್ ಆದ ಮೈ, ಟ್ರ್ಯಾಕ್ಟರ್ ಕುಲುಕಾಡ್ತದೆ."

"ಅದಾಗಿ ಆರು ವರ್ಷ ಆಯ್ತು. ಹೊಲಿಗೆ ಬಿಚ್ಚೋದಿದ್ರೆ ಇಷ್ಟೊತ್ತಿಗೆ ಬಿಚ್ಚೋಗಿರೋದು."

"ಮೊದಲ್ನೇ ಸಲ ಸಿನಿಮಾ ನೋಡೋರು ದೇವರ ಸಿನಿಮಾ ನೋಡುದ್ರೆ ಒಳ್ಳೇದು ಅಂತ..."

"ದೇವರ್ನ ದೇವಸ್ಥಾನದಲ್ಲಿ ನೋಡ್ಕೊಳ್ತೀನಿ. ನೀನು ನಂಗೆ ಕತ್ತೆ ತೋರಿಸು" ಅಂದರು ಮಲ್ಲಾಜಮ್ಮ. ಆಮೇಲೆ ಕಣ್ಣು ಕಿರಿದು ಮಾಡಿ, "ಏನೇ ಮರಿತಾಯಿ, ನಾವು ಕಣ್ಣಲ್ಲಿ ನೋಡ್ಬುಟ್ರೆ ನಿನ್ನ ಕತೆ ಯಾರೂ ಕೇಳಲ್ಲ ಅಂತ ಹೊಟ್ಟೆಕಿಚ್ಚಾ?" ಅಂದರು.

ಮರಿತಾಯಮ್ಮ ಮನೆಗೆ ಬಂದಳು. ಚಾಮಯ್ಯನ ಮುಂದೆ ಎಲ್ಲವನ್ನೂ ತೋಡಿಕೊಂಡಳು. ಅವನು ಎಮ್ಮೆ ಸೈಕಲ್ಲಿಗೆ ಅಡ್ಡ ಬಂದ ಕಡೆಯೇ ನಿದ್ದೆ ಹೋಗಿದ್ದ.

ಶನಿವಾರ ಟ್ರ್ಯಾಕ್ಟರ್ ಹೊರಟಿತು. ದಾರಿಯುದ್ದಕ್ಕೂ ಹೆಂಗಸರು ಗಂಗವ್ವನ ಮಾತೇ. ಮರಿತಾಯಮ್ಮ ಟ್ರೇಲರಿನ ಮೂಲೆಯಲ್ಲಿ, ಪೊಲೀಸರು ಹಿಡಿದುಕೊಂಡು ಹೋಗುತ್ತಿರುವವಳ ಹಾಗೆ ಮುಖ ಮಾಡಿಕೊಂಡು ಕೂತಿದ್ದಳು. ನಡುವೆ ಎಲ್ಲೋ ಟೈರು ಪಂಕ್ಚರ್ ಆದಾಗ ಅವಳ ಮುಖ ಅರಳಿತು. ಬಸವೇಶ ಅದನ್ನು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಸರಿಮಾಡಿದ.

ಟಾಕೀಸಿನಲ್ಲಿ ಮುಂದೆಲ್ಲ ಶಾಲೆಯ ಮಕ್ಕಳು. ಎದೆಗೆ ಬ್ಯಾಡ್ಜು ಸಿಕ್ಕಿಸಿಕೊಂಡ ಒಬ್ಬ ಮೇಷ್ಟ್ರು, ನಟರಾಜ್ ಅಂತ, ಎಲ್ಲರನ್ನೂ ಸಾಲಾಗಿ ಕೂರಿಸುತ್ತಿದ್ದರು. ಹಿಂದಿನ ಕುರ್ಚಿಗಳು ಖಾಲಿ ಇದ್ದವು, ಹೆಂಗಸರು ಹೋಗಿ ಕೂತರು. ಮರಿತಾಯಮ್ಮ ಅಭ್ಯಾಸದಂತೆ ಕೊನೆಯ ಸಾಲಿನ ತುದಿಗೆ, ಗೋಡೆಗೆ ಒತ್ತಿ ನಿಂತಳು. ಮಲ್ಲಾಜಮ್ಮ ತಿರುಗಿ ನೋಡಿ ಪಕ್ಕದ ಕುರ್ಚಿ ತಟ್ಟಿದರು.

"ಬಾ ಇಲ್ಲಿ. ಕತೆ ಹೇಳೋಳು ಅಷ್ಟು ದೂರ ನಿಂತ್ರೆ ನಂಗೆ ಹೆಂಗೆ ಕೇಳ್ತದೆ?"

"ನಿಮ್ಮ ಪಕ್ಕಕ್ಕಾ ಅವ್ವಾರೆ?"

"ಇನ್ನೆಲ್ಲಿ, ನನ್ನ ತೊಡೆ ಮೇಲಾ?"

ಕೂತಳು. ದೀಪ ಆರಿತು. ಪರದೆ ಮೇಲೆ ಹಸಿರು ಹುಲ್ಲು, ಬಿಸಿಲು, ರೊಟ್ಟಿ ತಿನ್ನಿಸುವ ತಾತ.

"ಇದೇನಮ್ಮಿ, ಕಡೇದನ್ನ ಮೊದ್ಲೇ ತೋರಿಸ್ತಾವ್ರೆ!" ಅಂತ ಹಿಂದಿನಿಂದ ಕೂಗು ಬಂತು.

ಮರಿತಾಯಮ್ಮನದು ಅಷ್ಟು ವರ್ಷ ಪಳಗಿದ ನಾಲಿಗೆ, ತಾನಾಗಿಯೇ ಆಡಿತು. "ಕಡೇದಲ್ಲ ಕಣ್ರಮ್ಮಿ. ಸಾಯಕ್ಕೆ ಮೊದ್ಲು ಎಂಗಿದ್ರು ಅಂತ ತೋರ್ಸದು ಬ್ಯಾಡ್ವಾ? ನಮ್ಮ ಟೆಂಟ್ನಾಗೆ ಆತುರಾತುರವಾಗಿ ಸಾವಿಂದ್ಲೇ ಸುರು ಮಾಡ್ಬುಟ್ಟಿದ್ರು."

ಹೌದು ಹೌದು ಅಂದರು ಎಲ್ಲರೂ. ಮೀಸೆಯವನು ಬಂದಾಗ ಹೆಂಗಸರು ಒಕ್ಕೊರಲಿಂದ "ಯಮ! ಯಮ!" ಅಂದರು. ಆನೆಗಳು ಸ್ಟೂಲು ಹತ್ತಿದಾಗ "ಪಾಪ ಮಾಡಿದ್ದಕ್ಕೆ" ಅಂದರು. ಮುಂದೆ ಕೂತ ಮಕ್ಕಳಿಗೆ ಪರದೆಯ ಮೇಲಿನ ಮಾತು ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಅವರು ಒಬ್ಬೊಬ್ಬರಾಗಿ ಹಿಂದಕ್ಕೆ ಕತ್ತು ತಿರುಗಿಸಿದರು. "ಮುಂದೆ ನೋಡ್ರೋ!" ಅಂತ ನಟರಾಜ್ ಮೇಷ್ಟ್ರು ಗದರಿದರೂ ಅವರ ಕಿವಿಗಳು ಹಿಂದೆಯೇ ಉಳಿದವು. ಯಮ ತೊಟ್ಟಿಗೆ ಬಿದ್ದಾಗ ಹೆಂಗಸರಿಗಿಂತ ಮಕ್ಕಳೇ ಹೆಚ್ಚು ಕೂಗಿದರು.

ಆಮೇಲೆ ಬೆಳ್ಳಗಾಯಿತು. ಗಂಗವ್ವ ಮರಿಯನ್ನು ಮುಂದೆ ಬಿಟ್ಟುಕೊಂಡು ಮುಗ್ಗರಿಸುತ್ತಾ ಬಂದಳು. ಬಾಗಿಲ ಮುಂದೆ ಮಲಗಿದಳು. ಮರಿತಾಯಮ್ಮ ಕಣ್ಣು ಮುಚ್ಚಿಕೊಂಡಳು. ಪಕ್ಕದಲ್ಲಿ ಮಲ್ಲಾಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದದ್ದು ಕೇಳಿಸುತ್ತಿತ್ತು. ಮರಿ ಮೂಟೆ ಹೊತ್ತಿತು. ಹೆಸರುಗಳು ಬಂದವು. ದೀಪ ಹತ್ತಿತು.

ಮಕ್ಕಳು ಎದ್ದರು. ಹೆಂಗಸರು ಏಳಲಿಲ್ಲ.

"ಇನ್ನೂ ಅದೆ, ಕೂತ್ಕೊಳ್ರೋ ಮಕ್ಕಳಾ" ಅಂತ ಮಲ್ಲಾಜಮ್ಮ ಮೂಗು ಒರೆಸಿಕೊಂಡರು. "ತಿಥಿ ಆಗ್ಯದೆ ಅಷ್ಟೇಯ. ಕೈಲಾಸದಿಂದ ವಾಪಸ್ ಬರಬೇಕು."

ನಟರಾಜ್ ಮೇಷ್ಟ್ರು ಬಂದರು. "ಅಮ್ಮಾ, ಸಿನಿಮಾ ಮುಗೀತು."

"ಮುಗೀಲಿಲ್ಲ ಕಣಪ್ಪ, ಇನ್ನೊಂದು ಡಬ್ಬ ಅದೆ."

"ಇಲ್ಲಮ್ಮ, ಅಷ್ಟೇ ಇರೋದು."

ಅಷ್ಟರಲ್ಲಿ ಹಿಂದಿನ ಸಾಲು ಹೊತ್ತಿಕೊಂಡಿತು. ಬೇಗ ಮುಗಿಸಿ ಮನೆಗೆ ಹೋಗಲು ಆಪರೇಟರುಗಳು ನಡುವೆ ಒಂದು ಡಬ್ಬ ನುಂಗಿಬಿಡುವುದನ್ನು ಟೆಂಟಿನ ಕಾಲದಿಂದ ಕಂಡವರು ಅವರು. "ಡಬ್ಬ ನುಂಗ್ಬುಟ್ಟವ್ನೆ!" "ನಾವು ಅಳ್ಳಿಯಿಂದ ಬಂದೋರು ಅಂತ ಹಿಂಗಾ?" "ಪೂರ್ತಿ ಹಾಕೋಗಂಟ ಎದ್ದೇಳಕ್ಕಿಲ್ಲ!"

ಮೇಷ್ಟ್ರು ಕೈ ಎತ್ತಿದರು. "ಕೇಳಿ ತಾಯಂದಿರಾ. ತಾಯಿ ಸಾಯೋದೇ ಈ ಸಿನಿಮಾದ ಕೊನೆ. ಅದು ಬಹಳ ಮನಸ್ಸಿಗೆ ತಟ್ಟೋ ಅಂತ್ಯ. ಅದಕ್ಕೇನೆ ಅಷ್ಟು ದೊಡ್ಡ ಬಹುಮಾನ ಬಂದಿರೋದು."

ಮಲ್ಲಾಜಮ್ಮ ಎದ್ದು ನಿಂತರು. "ಅಲ್ಲ ಕಣಪ್ಪ, ಅಷ್ಟು ಕಷ್ಟಪಟ್ಟು ಮಗನ್ನ ಕರ್ಕೊಂಡು ಬಂದ ತಾಯೀನ ಬಾಗ್ಲಲ್ಲಿ ಸಾಯಿಸಿದ್ರೆ ಬಹುಮಾನ ಕೊಡ್ತಾರಾ? ಯಾವೂರ ನ್ಯಾಯ ಅದು? ಇವಳು ಮರಿತಾಯಿ. ಇದನ್ನ ಟೆಂಟಿನಲ್ಲಿ ಪೂರ್ತಿ ನೋಡವಳೆ. ಕಂಡಿದ್ದ ಕಂಡಂಗೆ ಹೇಳೋಳು. ಕೇಳು ಅವಳ್ನ."

ಅಷ್ಟೂ ಜನ ಮರಿತಾಯಮ್ಮನ ಕಡೆ ತಿರುಗಿದರು. ಹೆಂಗಸರು, ಮೇಷ್ಟ್ರು, ಬಾಗಿಲಲ್ಲಿ ಸಿಕ್ಕಿಕೊಂಡ ಮಕ್ಕಳು.

"ಒಂದ್ನಿಮ್ಸ ಇರಿ. ಆಪರೇಟ್ರುನ್ನ ಕೇಳ್ಕೊಂಡು ಬತ್ತೀನಿ" ಅಂತ ಹೇಳಿ ಅವಳು ಮೆಟ್ಟಿಲ ಕಡೆ ಓಡಿದಳು. ಆ ವಯಸ್ಸಿನಲ್ಲಿ ಅವಳು ಓಡಿದ್ದನ್ನು ಊರಿನವರು ಅದಕ್ಕೆ ಮೊದಲು ಕಂಡಿರಲಿಲ್ಲ.

ಮೇಲೆ ಗೂಡಿನಲ್ಲಿ ಬೆಟ್ಟಸ್ವಾಮಿ ಸುರುಳಿಗಳನ್ನು ಡಬ್ಬಕ್ಕೆ ತುಂಬುತ್ತಿದ್ದ.

"ಲೋ ಬೆಟ್ಟಸ್ವಾಮಿ, ಮೊದಲ್ನೇ ಡಬ್ಬ ಇನ್ನೊಂದು ಸಲ ಹಾಕ್ಲಾ."

"ಅದ್ಯಾಕಕ್ಕ? ಮ್ಯಾಟ್ನಿಗೆ ಬೇರೆ ಪಿಚ್ಚರ್ ಜೋಡ್ಸಬೇಕು. ಓನರ್ ಬೈತಾನೆ."

"ಕೆಳಗೆ ಕೇಳ್ತಾ ಇಲ್ವಾ? ನೀನು ಡಬ್ಬ ನುಂಗಿದ್ದೀಯೆ ಅಂತ ಅವ್ರೆಲ್ಲ ಮೇಲಕ್ಕೆ ಬತ್ತಾವ್ರೆ. ಮಲ್ಲಾಜಮ್ಮೋರು ಮುಂದೆ ಅವ್ರೆ."

ಬೆಟ್ಟಸ್ವಾಮಿ ಕಿಂಡಿಯಲ್ಲಿ ಬಗ್ಗಿ ನೋಡಿದ. ಮಲ್ಲಾಜಮ್ಮನವರು ನಿಜವಾಗಿಯೂ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಿದ್ದರು. "ನಾನು ನುಂಗಿಲ್ಲ ಕಣಕ್ಕ! ಸತ್ಯ ಏಳ್ಬುಡು ನೀನೇ."

"ಏನಂತ ಏಳ್ಲಿ? ನೀನು ಎಮ್ಮೆ ಜೊತೆ ನಾಲೆಗೆ ಬಿದ್ದು, ಬಾಲ ತಕೊಂಡು ತಲೆಗೆ ಇಟ್ಟೆ. ನಾನು ಆ ತಲೆ ಬಾಲ ಎಲ್ಡುಕ್ಕೂ ಸಂಬಂಧ ಹಾಕಿ ಇಷ್ಟು ವರ್ಷ ಸಾಕ್ಕೊಂಡು ಬಂದಿವ್ನಿ. ಆವತ್ತು ಒಬ್ರಾದ್ರೂ ನಿನ್ನ ಬೈದ್ರಾ? ಯಾಕೆ ಬೈಲಿಲ್ಲ ಏಳು."

ಬೆಟ್ಟಸ್ವಾಮಿ ತಲೆ ಕೆರೆದುಕೊಂಡ. ಮೊದಲನೇ ಡಬ್ಬದ ಮುಚ್ಚಳ ತೆಗೆದ. "ನಂದೇನೂ ತಪ್ಪಿಲ್ಲ ಬುಡಕ್ಕ" ಅಂದ, ಸುರುಳಿ ಸಿಕ್ಕಿಸುತ್ತಾ. "ಅಳದು ಮೊದ್ಲು, ನಗದು ಕಡೇಗೆ. ನಾನು ಮಾಡಿದ್ದೇ ಚೆಂದಾಗಿತ್ತು."

ದೀಪ ಆರಿತು. ಹಸಿರು ಹುಲ್ಲು ಬಂತು. ಗಂಗವ್ವ ಬಂದಳು, ಮುದ್ದಯ್ಯ ಅವಳ ಕಾಲ ಸುತ್ತ ಕುಣಿದ, ತಾತ ರೊಟ್ಟಿ ಮುರಿದ. "ಬಂದ್ಳು! ಬಂದ್ಳು!" ಅಂತ ಹೆಂಗಸರು ಕೂಗಿದರು. ಹೊರಗೆ ಸಾಲಾಗಿ ನಿಂತಿದ್ದ ಮಕ್ಕಳು ಸಾಲು ಮುರಿದು ಒಳಗೆ ನುಗ್ಗಿದರು. ಮಲ್ಲಾಜಮ್ಮ ಕತ್ತಲಲ್ಲೇ ಮೇಷ್ಟ್ರನ್ನು ಹುಡುಕಿ ಹೇಳಿದರು: "ನೋಡಿದ್ಯೇನಪ್ಪ? ನಮ್ಮ ಮರಿತಾಯಿ ಹೋಗಿ ಕೇಳೋಗಂಟ ಬಚ್ಚಿಟ್ಕೊಂಡಿದ್ದ!"

"ಅಮ್ಮಾ, ಇದು ಆಗಲೇ ತೋರಿಸಿದ್ದೇ..." ಅಂತ ಮೇಷ್ಟ್ರು ಶುರುಮಾಡಿದರು. ಅವರ ಮಗ್ಗುಲಲ್ಲಿ ಒಂದು ಸಣ್ಣ ಹುಡುಗಿ, "ಸಾ, ಕೈಲಾಸಕ್ಕೋಗಿ ಬಂದ್ರೆ ವಯಸ್ಸು ಕಮ್ಮಿ ಆಯ್ತದಂತೆ ಸಾ" ಅಂದಳು. ಮೇಷ್ಟ್ರು ಬ್ಯಾಡ್ಜು ಬಿಚ್ಚಿ ಜೇಬಿಗೆ ಹಾಕಿಕೊಂಡು ತಾವೂ ಒಂದು ಕುರ್ಚಿಯಲ್ಲಿ ಕೂತರು.

ವಾಪಸು ಬರುವಾಗ ಮರಿತಾಯಮ್ಮನನ್ನು ಟ್ರೇಲರಿನ ಮೂಲೆಯಲ್ಲಿ ಕೂರಲು ಬಿಡಲಿಲ್ಲ. ಮಲ್ಲಾಜಮ್ಮ ತಮ್ಮ ಪಕ್ಕದಲ್ಲೇ ಜಮಖಾನೆ ಹಾಸಿ ಕೂರಿಸಿಕೊಂಡರು. ಉಳಿದವರೆಲ್ಲ ಯಮನ ಒದೆತವನ್ನು ಒಬ್ಬರಿಗೊಬ್ಬರು ಮಾಡಿ ತೋರಿಸುತ್ತಾ ನಗುತ್ತಿದ್ದರು. ಟ್ರ್ಯಾಕ್ಟರಿನ ಸದ್ದಿನಲ್ಲಿ ಮಲ್ಲಾಜಮ್ಮ ಅವಳ ಕಿವಿಗೆ ಬಗ್ಗಿದರು.

"ಮೊದಲು ತೋರಿಸಿದ್ದನ್ನೇ ಇನ್ನೊಂದ್ಸಲ ಹಾಕ್ಸಿದೆ, ಅಲ್ವೇನೇ?"

"ಅವ್ವಾರೇ..."

"ತಾತ ರೊಟ್ಟಿ ಕೊಡೋವಾಗ ಕತ್ತೆ ಎಡಗಿವಿ ಮೇಲೆ ಒಂದು ನೊಣ ಕೂತಿತ್ತು. ಎರಡು ಸಲಾನೂ ಅದೇ ನೊಣ, ಅದೇ ಕಿವಿ. ಹಿಂದೆ ಏನೇನದೆ ಅದನ್ನೂ ನೋಡಬೇಕು ಅಂತ ನೀನೇ ಅಲ್ವಾ ಹೇಳ್ತಿದ್ದೋಳು?"

"ತಪ್ಪು ತಿಳ್ಕೋಬೇಡಿ ಅವ್ವಾರೆ. ನಾನು ಕಂಡಂಗೇ..."

"ನಿಂಗ್ಯಾರು ತಪ್ಪು ಅಂದ್ರು?" ಮಲ್ಲಾಜಮ್ಮ ಮಡಿಲಿನಿಂದ ಎಲೆ ಅಡಿಕೆ ತೆಗೆದು, ಸುಣ್ಣ ಹಚ್ಚಿ, ಅವಳ ಕೈಗೆ ಕೊಟ್ಟರು. "ಚಿತ್ರ ಬರೆಯೋದೇನೋ ಚೆನ್ನಾಗೇ ಬರ್ದವ್ರೆ ಆ ದೇಶದವ್ರು. ಜೋಡ್ಸೋಕೆ ಬರಲಿಲ್ಲ ಪಾಪ. ನಾಡಿದ್ದು ನಾಲೆ ಕೆಳಗಿನ ಗದ್ದೆಗೆ ಬಾ, ಕಳೆ ಅದೆ. ಗಂಗವ್ವನ ಕತೇನೇ ಹೇಳು."

"ಎಲ್ಲಿಂದ ಸುರು ಮಾಡ್ಲಿ ಅವ್ವಾರೆ?"

"ತಿಥಿಯಿಂದ" ಅಂದರು ಮಲ್ಲಾಜಮ್ಮ. "ಆ ನೊಣಾನೂ ಸೇರಿಸ್ಕೊ."